ಎಡಗಡೆ ನೋಡೇ, ಮಂಕೇ

ಈ ಊರಿನ ಹೆಣ್ಣುಮಕ್ಕಳ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ ನಾನು ಬಂದು ಇಪ್ಪತ್ತಾರು ವರ್ಷವಾಯಿತು. ಕೋಚ್ ಆದವಳಿಗೆ ಕಾಲಿಗಿಂತ ಗಂಟಲು ಮುಖ್ಯ. ನನ್ನ ಗಂಟಲು ಎಂಥದ್ದೆಂದರೆ, ತರಬೇತಿ ಕಾಲೇಜಿನಲ್ಲಿ ಮೂರು ಮೈದಾನಗಳಾಚೆ ಓಡುತ್ತಿದ್ದವರೂ ನಾನು ಕರೆದರೆ ನಿಂತು ತಿರುಗಿ ನೋಡುತ್ತಿದ್ದರು. ಅಂಥ ಗಂಟಲನ್ನು ಹೊತ್ತುಕೊಂಡು ನಾನು ಬಂದು ಸೇರಿದ್ದು, ಮೆಲ್ಲಗೆ ಆಡಿದ ಮಾತು ಮಾತ್ರ ಆಗಿಂದಾಗಲೇ ಕೇಳಿಸುವ, ಕೂಗಿದ ಮಾತು ತನಗೆ ಬೇಕಾದಾಗ ಬಂದು ಬೀಳುವ ಊರಿಗೆ.

ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ ಓದಿದವಳಾದ್ದರಿಂದ ಮೊದಲ ವರ್ಷವೇ ಅಳೆದು ನೋಡಿದೆ. ಪಕ್ಕದ ಕೋಣೆಯವರನ್ನು ಕರೆಯುವಷ್ಟು ದನಿ ಎತ್ತಿದರೆ ಕಾಫಿ ಆರುವ ಹೊತ್ತಿಗೆ ಕೇಳುತ್ತದೆ. ಬೀದಿಯ ಆ ತುದಿಯವರನ್ನು ಕರೆದರೆ ಸಂಜೆಗೋ ಮಾರನೆಯ ದಿನಕ್ಕೋ. ಮೈದಾನದ ತುಂಬ ಕೇಳಿಸಲಿ ಎಂದು ಕೂಗಿದರೆ ತಿಂಗಳು, ಎರಡು ತಿಂಗಳು. ಹೊಟ್ಟೆಯಿಂದೆತ್ತಿ ಪೂರ್ತಿ ಗಂಟಲಿನಲ್ಲಿ ಕೂಗಿದ್ದು ವರ್ಷಗಟ್ಟಲೆ ಬರುವುದಿಲ್ಲ. ಎಷ್ಟು ಜೋರೋ ಅಷ್ಟು ತಡ. ಎಲ್ಲಿ ನಿಂತು ಕೂಗಿದ್ದೋ ಅಲ್ಲೇ ಬಂದು ಬೀಳುತ್ತದೆ, ಒಂದಕ್ಷರವೂ ಸವೆದಿರುವುದಿಲ್ಲ. ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿದರೆ ಚುಕ್ಕೆಗಳೆಲ್ಲ ಒಂದೇ ಗೆರೆಯ ಮೇಲೆ ಕೂತುಕೊಳ್ಳುತ್ತವೆ. ಆ ಗೆರೆಯನ್ನು ಊರಿನವರಿಗೆ ತೋರಿಸಿದರೆ, "ಹೌದಲ್ಲ, ಅದಕ್ಕೇನೀಗ?" ಎಂದು ಕೇಳಿದ್ದರು.

ಅವರಿಗೆ ಅದರಿಂದ ತೊಂದರೆಯೇ ಇರಲಿಲ್ಲ. ತರಕಾರಿಯವಳು ಒಂದೊಂದೇ ಕಿಟಕಿಗೆ ಬಂದು "ಬೀನ್ಸ್ ಎಳೇದಿದೆ ಅಕ್ಕಾ" ಎಂದು ಪಿಸುಗುಟ್ಟಿ ಹೋಗುತ್ತಾಳೆ. ಗಂಡ ಹೆಂಡತಿ ಬೆಳಿಗ್ಗೆ ಜಗಳವಾಡಿದರೆ, ಸಂಜೆ ಇಬ್ಬರೂ ಊಟಕ್ಕೆ ಕೂತಾಗ ಬೈಗುಳಗಳು ಒಂದೊಂದಾಗಿ ಬಂದು ಬೀಳುತ್ತವೆ. ಯಾರೂ ತಲೆಯೆತ್ತುವುದಿಲ್ಲ, ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಾರೆ. ಮಳೆಗಾಲದ ಗುಡುಗು ಎಂದೋ ಒಂದು ಬೇಸಿಗೆಯಲ್ಲಿ ಗುಡುಗುತ್ತದೆ, ಒಣಹಾಕಿದ ಹಪ್ಪಳ ಯಾರೂ ಎತ್ತುವುದಿಲ್ಲ.

ಅವರದ್ದೊಂದು ಪದ್ಧತಿಯೂ ಇದೆ. ಮಗುವಿಗೆ ಹೆಸರಿಟ್ಟ ದಿನ ಮನೆಯ ಹಿರಿಯರೊಬ್ಬರು ಅಂಗಳದಲ್ಲಿ ನಿಂತು ಆ ಹೆಸರನ್ನು ಪೂರ್ತಿ ಗಂಟಲಿನಲ್ಲಿ ಒಂದು ಸಲ ಕೂಗುತ್ತಾರೆ. ಅದು ಬೀಳುವ ಹೊತ್ತಿಗೆ ಎಷ್ಟೋ ಸಲ ಕೂಗಿದವರೇ ಇರುವುದಿಲ್ಲ. ಬೀಳುವ ಎರಡು ಮೂರು ದಿನ ಮೊದಲು ಆ ಜಾಗದಲ್ಲಿ ನಿಂತರೆ ಘಟ್ಟ ಹತ್ತುವಾಗ ಆಗುವ ಹಾಗೆ ಕಿವಿ ಕಟ್ಟುತ್ತದೆ. ಆಗ ನೆಂಟರಿಷ್ಟರಿಗೆ ಹೇಳಿ ಕಳುಹಿಸುತ್ತಾರೆ. ಹೆಸರು ಬೀಳುವಾಗ ಹತ್ತಿರವಿದ್ದವರೆಲ್ಲ ಮಾಡುತ್ತಿದ್ದುದನ್ನು ಬಿಟ್ಟು ಅಲುಗಾಡದೆ ನಿಲ್ಲಬೇಕು. ಹೆಂಚಿನ ಮೇಲೆ ದೋಸೆ ಸೀದರೂ ಸರಿ, ನಿಲ್ಲಬೇಕು. "ನಮ್ಮ ಹುಡುಗನ ಹೆಸರು ಬಿತ್ತು" ಎಂದು ಬೀದಿಗೆಲ್ಲ ಸಿಹಿ ಹಂಚುತ್ತಾರೆ.

ಇವರೆಲ್ಲ ಹೀಗೆ ಸುಖವಾಗಿದ್ದರು. ಕಷ್ಟವಿದ್ದದ್ದು ನನಗೊಬ್ಬಳಿಗೆ. ಹತ್ತು ಹುಡುಗಿಯರು ಓಡುತ್ತಿರುವ ಕೋರ್ಟಿನ ಅಂಚಿನಲ್ಲಿ ನಿಂತು "ಪಾಸ್ ಮಾಡೇ" ಎಂದು ಮೆಲ್ಲಗೆ ಹೇಳಿದರೆ ಯಾರಿಗೂ ಕೇಳುವುದಿಲ್ಲ, ಕೂಗಿದರೆ ಎರಡು ತಿಂಗಳ ನಂತರ ಖಾಲಿ ಕೋರ್ಟಿಗೆ ಕೇಳುತ್ತದೆ. ಹೊಳೆಯಾಚೆಯ ಕಾಲೇಜಿನವರು ನಮ್ಮಲ್ಲಿಗೆ ಆಡಲು ಬಂದಾಗ ಎಬ್ಬಿಸಿದ ಗದ್ದಲ ಪರೀಕ್ಷೆಯ ದಿನಗಳಲ್ಲೇ ಬಂದು ಬಿದ್ದು, ಮೈದಾನದ ಪಕ್ಕದ ಕೋಣೆಗಳಲ್ಲಿ ಪರೀಕ್ಷೆ ನಡೆಸುವುದನ್ನೇ ಬಿಡಬೇಕಾಯಿತು. ನಾವು ಅವರಲ್ಲಿಗೆ ಹೋದರೆ ಇನ್ನೂ ಕಷ್ಟ. ಅಲ್ಲಿ ಕೂಗಿದ್ದು ಕೂಗಿದ ಕ್ಷಣವೇ ಕೇಳುತ್ತದೆ. ಮೊದಲ ಚಪ್ಪಾಳೆಗೇ ನನ್ನ ಹುಡುಗಿಯರು ಬಾಲನ್ನು ಕೆಳಗೆ ಬಿಟ್ಟು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಕೊನೆಗೆ ನಾನು ಟವೆಲ್ಲುಗಳ ಪದ್ಧತಿ ಕಂಡುಹಿಡಿದೆ. ಐದು ಬಣ್ಣದ ಟವೆಲ್ಲು, ದರ್ಜಿಯ ಹತ್ತಿರ ಅಂಚು ಹೊಲಿಸಿದ್ದು. ಕೆಂಪು ಬೀಸಿದರೆ ಹಿಂದೆ ಸರಿದು ರಿಂಗ್ ಕಾಯಬೇಕು. ಹಸಿರಿಗೆ ಎಡಕ್ಕೆ ಪಾಸ್, ಹಳದಿಗೆ ಬಲಕ್ಕೆ. ನೀಲಿಗೆ ಡ್ರಿಬಲ್ ನಿಲ್ಲಿಸಿ ಶೂಟ್ ಮಾಡಬೇಕು. ಬಿಳಿ ಬೀಸಿದರೆ ನನಗೆ ತಲೆ ಕೆಟ್ಟಿದೆ ಎಂದರ್ಥ. ಇಪ್ಪತ್ತೈದು ವರ್ಷ ಬೀಸಿದ್ದೇನೆ. ಬಲಭುಜದ ಕೀಲು ಈಗಲೂ ಚಳಿಯಲ್ಲಿ ಕಿರುಗುಟ್ಟುತ್ತದೆ. ಹುಡುಗಿಯರು ಮಾತ್ರ ಹಸಿರು ಬೀಸಿದಾಗ ಒಂದು ಸಲ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಎಸೆದರು, ಮತ್ತೊಂದು ಸಲ ನನ್ನ ಮುಖವನ್ನೇ ನೋಡುತ್ತಾ ನಿಂತುಬಿಟ್ಟರು. ಹನ್ನೊಂದು ಸಲ ಫೈನಲ್ಲಿಗೆ ಬಂದು ಹನ್ನೊಂದು ಸಲವೂ ಸೋತೆವು. ಕಪ್ ಹೊಳೆಯಾಚೆಯೇ ಉಳಿಯಿತು.

ಈಗ ಆ ಒಂದು ಕೂಗಿನ ವಿಷಯ. ನಾನು ಬಂದ ನಾಲ್ಕನೆಯ ತಿಂಗಳು, ಟವೆಲ್ಲು ಇನ್ನೂ ಹೊಲಿಸಿರಲಿಲ್ಲ. ನಮ್ಮ ಕೋರ್ಟಿನಲ್ಲೇ ಫೈನಲ್ಲು, ಕೊನೆಯ ನಿಮಿಷ. ದಾಕ್ಷಾಯಿಣಿ ಎಂಬ ಎರಡನೆಯ ವರ್ಷದ ಹುಡುಗಿಯ ಕೈಯಲ್ಲಿ ಬಾಲ್ ಇತ್ತು. ಅವಳ ಎಡಗಡೆ ನಮ್ಮವಳೇ ಒಬ್ಬಳು ರಿಂಗಿನ ಕೆಳಗೆ ಒಂಟಿಯಾಗಿ, ಬಸ್ಸಿಗೆ ಕಾದವಳಂತೆ ನಿಂತಿದ್ದಳು. ದಾಕ್ಷಿ ಬಲಗಡೆ ನೋಡಿದಳು. ನೋಡುತ್ತಲೇ ಇದ್ದಳು. ಆ ರಿಂಗಿನ ಹತ್ತಿರದ ಅಂಚಿನಲ್ಲಿದ್ದ ನಾನು ಊರಿನ ನಿಯಮವನ್ನೆಲ್ಲ ಮರೆತು, ಹೊಟ್ಟೆ ಬೆನ್ನಿಗಂಟುವಂತೆ ಉಸಿರೆಳೆದು ಕೂಗಿದೆ. ಏನು ಕೂಗಿದೆನೆಂಬುದು ಅಕ್ಷರ ಅಕ್ಷರ ನೆನಪಿದೆ: "ದಾಕ್ಷಾಯಿಣೀ! ಎಡಗಡೆ ನೋಡೇ, ಮಂಕೇ! ನಿನಗೆ ಈ ಜನ್ಮದಲ್ಲಿ ಆಟ ಬರಲ್ಲ, ಹೋಗಿ ಎಮ್ಮೆ ಕಾಯಿ!" ನನ್ನ ಕಿವಿಗೇ ಅದು ಕೇಳಲಿಲ್ಲ. ಪಕ್ಕದಲ್ಲಿದ್ದ ಅಟೆಂಡರ್ ಗಂಗಣ್ಣ ನನ್ನ ಕುತ್ತಿಗೆಯ ನರಗಳನ್ನು ನೋಡಿ, "ಮೇಡಂ, ಇದು ಇಪ್ಪತ್ತೈದು ವರ್ಷಕ್ಕೆ ಕಮ್ಮಿ ಇಲ್ಲ" ಎಂದರು. ಅಷ್ಟರಲ್ಲಿ ದಾಕ್ಷಿಯ ಕೈಯಿಂದ ಬಾಲ್ ಹೋಗಿತ್ತು, ಮ್ಯಾಚೂ ಹೋಗಿತ್ತು.

ಮಾರನೆಯ ದಿನ ಅವಳು ಸ್ಟಾಫ್ ರೂಮಿಗೆ ಬಂದು, ನಾಲ್ಕು ಜನರೆದುರಿಗೆ ನನ್ನ ಕಾಲು ಮುಟ್ಟಿ, "ಮಿಸ್, ನನ್ನ ಹೆಸರು ಕೂಗಿದಿರಂತೆ" ಎಂದಳು. ಮುಖ ಅರಳಿತ್ತು. ನಾನು "ಹೂಂ" ಎಂದೆ. ಆ ಒಂದು "ಹೂಂ" ನನ್ನ ಬೆನ್ನು ಬಿಡಲಿಲ್ಲ. ಅವಳು ಡಿಗ್ರಿ ಮುಗಿಸಿದಳು, ಇದೇ ಕಾಲೇಜಿಗೆ ನನ್ನ ಸಹಾಯಕಿಯಾಗಿ ಬಂದಳು. ಮದುವೆಯಾಗಿ ಇಬ್ಬರು ಮಕ್ಕಳಾದರು, ಈಗ ತಲೆಯಲ್ಲಿ ಬಿಳಿಕೂದಲೂ ಇವೆ. ಹೊಸದಾಗಿ ಬಂದ ಹುಡುಗಿಯರಿಗೆಲ್ಲ ಅವಳು ಎಡಗಡೆಯ ರಿಂಗಿನ ಹತ್ತಿರದ ಜಾಗ ತೋರಿಸಿ, "ಇಲ್ಲಿ ಮಿಸ್ ನನ್ನ ಹೆಸರು ಕೂಗಿದ್ದಾರೆ" ಎನ್ನುತ್ತಾಳೆ. ಪ್ರತಿಸಲವೂ ನನಗೆ ಬಾಯೊಳಗೆ ಮರಳು ಹಾಕಿದಂತಾಗುತ್ತದೆ.

ಈ ವರ್ಷ ಫೈನಲ್ಲು ನಮ್ಮಲ್ಲಿ. ತಿಂಗಳ ಕೊನೆಗೆ ನನ್ನ ನಿವೃತ್ತಿ, ಆಮೇಲೆ ದಾಕ್ಷಿಯೇ ಕೋಚ್. ತಂಡ ಎಂದೂ ಇಲ್ಲದಷ್ಟು ಚೆನ್ನಾಗಿತ್ತು. ನಾಯಕಿ ನಸೀಮಾ ಕಣ್ಣು ಮುಚ್ಚಿ ಎಸೆದರೂ ಹತ್ತರಲ್ಲಿ ಏಳು ಬೀಳುತ್ತಿದ್ದವು. ಹನ್ನೆರಡನೆಯ ಸಲವಾದರೂ ಕಪ್ಪನ್ನು ಕೈಯಲ್ಲಿ ಹಿಡಿದು ಮನೆಗೆ ಹೋಗಬಹುದು ಎಂದು ಎಷ್ಟೋ ವರ್ಷಗಳ ನಂತರ ನಾನು ಆಸೆಪಟ್ಟಿದ್ದೆ. ಮ್ಯಾಚಿಗೆ ಮೂರು ದಿನವಿದೆ ಎನ್ನುವಾಗ ಎಡಗಡೆಯ ರಿಂಗಿನ ಹತ್ತಿರ ನಿಂತಿದ್ದ ನಸೀಮಾ ತಲೆ ಕೊಡವಿಕೊಂಡು, "ಮಿಸ್, ಇಲ್ಲಿ ಕಿವಿ ಕಟ್ತಿದೆ" ಎಂದಳು.

ನಾನು ಸೀದಾ ಪ್ರಿನ್ಸಿಪಾಲ್ ಅನಸೂಯಾಬಾಯಿಯವರ ಕೋಣೆಗೆ ಹೋದೆ.

"ಮೇಡಂ, ಮ್ಯಾಚು ಒಂದು ವಾರ ಮುಂದಕ್ಕೆ ಹಾಕಿ."

"ಯಾಕ್ರೀ?"

"ಕೋರ್ಟು ಸರಿಯಿಲ್ಲ."

"ಕೋರ್ಟಿಗೇನಾಗಿದೆ? ಕಿವಿ ಕಟ್ತಿದೆ, ಅಷ್ಟೇ ತಾನೆ? ದಾಕ್ಷಿ ಬೆಳಿಗ್ಗೇನೇ ಬಂದು ಹೇಳಿದ್ಲು." ಅವರು ಮೇಜಿನ ಮೇಲೆ ಬಾಗಿದರು. "ಅಲ್ಲಾರೀ, ನಿವೃತ್ತಿಗೆ ಹಾರ ಶಾಲು ಎಲ್ಲರಿಗೂ ಹಾಕ್ತೀವಿ. ನೀವು ಕೂಗಿದ ಹೆಸರು ನಿಮ್ಮೆದುರಿಗೇ ಬೀಳೋ ಭಾಗ್ಯ ಯಾರಿಗಿದೆ? ಕುರ್ಚಿ ಹಾಕಿಸ್ತಿದೀನಿ. ಪುರಸಭೆಯವರೂ ಬರ್ತಾರೆ."

"ಮ್ಯಾಚಿನ ಮಧ್ಯೆ ಬಿದ್ರೆ?"

"ಬೀಳಲಿ ಬಿಡ್ರೀ, ಇನ್ನೂ ಚೆನ್ನ!"

ಕುರ್ಚಿ. ಪುರಸಭೆ. ಎಮ್ಮೆ. ನಾನು ಹೊರಗೆ ಬಂದೆ. ಮುಚ್ಚಿಹಾಕುವ ದಾರಿಗಳನ್ನೆಲ್ಲ ಲೆಕ್ಕ ಹಾಕಿದೆ. ಡೋಲು ಬಾರಿಸಿದರೆ ಡೋಲಿನ ಸದ್ದು ತಿಂಗಳು ಬಿಟ್ಟು ಬರುತ್ತದೆ. ಇಡೀ ಊರನ್ನು ಒಟ್ಟಿಗೆ ಪಿಸುಗುಟ್ಟಿಸಬಹುದಿತ್ತು, ಆದರೆ ಹೆಸರು ಬೀಳುವಾಗ ಪಿಸುಗುಟ್ಟುವವರು ಈ ಊರಿನಲ್ಲಿ ಯಾರೂ ಇಲ್ಲ. ಉಳಿದದ್ದು ಒಂದೇ ದಾರಿ. ಮಧ್ಯಾಹ್ನ, ಸಾಮಾನಿನ ಕೋಣೆಯಲ್ಲಿ ದಾಕ್ಷಿ ಬಾಲುಗಳಿಗೆ ಗಾಳಿ ಹಾಕುತ್ತಿದ್ದಾಗ, ಎದುರಿಗೆ ಸ್ಟೂಲು ಎಳೆದು ಕೂತೆ.

"ದಾಕ್ಷಿ, ಒಂದು ಮಾತು ಹೇಳಬೇಕು ಕಣೇ. ಅವತ್ತು ನಾನು ಕೂಗಿದ್ದು ಹೆಸರಲ್ಲ. ಅಂದ್ರೆ, ಹೆಸರೇ. ಆದ್ರೆ ಹೆಸರಿನ ಮುಂದೆ..."

"ಎಡಗಡೆ ನೋಡೇ, ಮಂಕೇ," ಎಂದಳು ದಾಕ್ಷಿ, ಪಂಪು ಒತ್ತುತ್ತಲೇ. "ನಿನಗೆ ಈ ಜನ್ಮದಲ್ಲಿ ಆಟ ಬರಲ್ಲ, ಹೋಗಿ ಎಮ್ಮೆ ಕಾಯಿ."

"ನಿನಗೆ ಯಾರು ಹೇಳಿದ್ರು?"

"ನೀವೇ ಹೇಳಿದ್ರಲ್ಲ ಮಿಸ್. ನನ್ನ ಬಲಗಡೆ ಅಂಚಲ್ಲೇ ನಿಂತಿದ್ರಿ, ತುಟಿ ಕಾಣಿಸ್ತಿತ್ತು."

"ನಿನಗೆ ತುಟಿ ಓದೋಕೆ ಬರುತ್ತಾ?"

"ಎಲ್ಲರಿಗೂ ಬರುತ್ತೆ ಮಿಸ್. ಇಲ್ಲಿ ಹುಟ್ಟಿದೋರು ಇನ್ನೇನು ಮಾಡ್ತಾರೆ? ಆದ್ರೆ ಓದಿದೆ ಅಂತ ಹೇಳಬಾರದು. ಬೇರೆಯೋರ ಕಾಗದ ಒಡೆದು ಓದಿದ ಹಾಗೆ ಅದು. ಬಾಯಿಬಿಟ್ಟು ಹೇಳಿದೋರನ್ನ ಜನ ಮನೆಯೊಳಗೆ ಸೇರಿಸಲ್ಲ."

ಇಪ್ಪತ್ತೈದು ವರ್ಷದ ಟವೆಲ್ಲುಗಳು ಒಂದೇ ಸಲ ನನ್ನ ಕಣ್ಣ ಮುಂದೆ ಬೀಸಿಹೋದವು. "ಮತ್ತೆ ಆ ಟವೆಲ್ಲು? ಭುಜ ಕಿತ್ತುಹೋಗೋ ಹಾಗೆ ಬೀಸಿದೀನಲ್ಲೇ!"

ದಾಕ್ಷಿ ತಲೆ ತಗ್ಗಿಸಿದಳು. ನಗು ಒತ್ತಿಹಿಡಿದಿದ್ದಳು. "ಅಷ್ಟು ಕಷ್ಟಪಟ್ಟು ಹೊಲಿಸಿದ್ರಿ. ಬೇಡ ಅಂದ್ರೆ ಬೇಜಾರು ಮಾಡ್ಕೋತೀರಿ ಅಂತ."

"ಹಸಿರು ಬೀಸಿದ್ರೆ ಎಡಕ್ಕೆ ಎಸೀಬೇಕು ಅಂತ ಒಬ್ಬಳಿಗಾದ್ರೂ ನೆನಪಿತ್ತಾ?"

"ನೆನಪಿತ್ತು ಮಿಸ್. ಆದ್ರೆ ನೀವು ಕೈಯಲ್ಲಿ ಹಸಿರು ಬೀಸ್ತಾ ಬಾಯಲ್ಲಿ 'ಬಲಕ್ಕೇ, ಬಲಕ್ಕೇ' ಅಂತ ಗೊಣಗ್ತಿದ್ರಿ. ಅವಸರದಲ್ಲಿ ಯಾವ ಟವೆಲ್ ಎತ್ತಿದೀರಿ ಅಂತ ನಿಮಗೇ ಗೊತ್ತಾಗ್ತಿರಲಿಲ್ಲ. ನಾವು ಬಾಯಿ ಕೇಳೋದಾ, ಕೈ ಕೇಳೋದಾ?"

ಹನ್ನೊಂದು ಫೈನಲ್ಲು. ಅಳತೆಗೋಲನ್ನೇ ತಲೆಕೆಳಗು ಹಿಡಿದು ಇಪ್ಪತ್ತೈದು ವರ್ಷ ಅಳೆದವಳಿಗೆ ಏನು ಅನ್ನಿಸಬೇಕೋ ನನಗದು ಅನ್ನಿಸಿತು. ಕೈಗೆ ಸಿಕ್ಕಿದ ಬಾಲನ್ನು ಗೋಡೆಗೆ ಎಸೆದೆ. ಅದು ವಾಪಸು ಬಂದು ನನ್ನ ಮೊಣಕಾಲಿಗೇ ಬಡಿಯಿತು.

"ಎಲ್ಲ ಗೊತ್ತಿದ್ದೂ ಊರಿಗೆಲ್ಲ ಯಾಕೆ ಡಂಗುರ ಹೊಡೆದೆ? ಕುರ್ಚಿ ಹಾಕಿಸ್ತಿದಾರೆ ಅಲ್ಲಿ. ನಿನ್ನ ಮಕ್ಕಳು ಬರ್ತಾರೆ. ಎಮ್ಮೆ ಕಾಯಿ ಅಂತ ಬೀಳುತ್ತಲ್ಲೇ ಅವರೆದುರಿಗೆ!"

ದಾಕ್ಷಿ ಪಂಪು ಕೆಳಗಿಟ್ಟಳು. "ನಾನು ನಾಲ್ಕನೇ ಹೆಣ್ಣು ಮಿಸ್. ಹೆಸರಿಟ್ಟ ದಿನ ನಮ್ಮಜ್ಜ, 'ಇದಕ್ಯಾಕೆ ಗಂಟಲು ನೋಯಿಸಿಕೊಳ್ಳೋದು' ಅಂದ್ರಂತೆ. ನಮ್ಮಮ್ಮ ಕೂಗೋಣ ಅಂತ ಅಂಗಳಕ್ಕೆ ಹೋಗಿದ್ಲಂತೆ, ಬಾಣಂತಿ, ಉಸಿರು ಸಾಲಲಿಲ್ಲ. ಆ ಕೂಗು ಮೂರನೇ ದಿನಕ್ಕೇ ಬಿದ್ದುಹೋಯ್ತು. ನಾನು ತೊಟ್ಟಿಲಲ್ಲಿ ನಿದ್ದೆ ಮಾಡ್ತಿದ್ನಂತೆ, ಕೇಳಲಿಲ್ಲ." ಒಂದು ಬಾಲಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಗಾಳಿಯಲ್ಲಿ ನನ್ನ ಹೆಸರು ಅಂತ ಇರೋದು ಅದೊಂದೇ. ಮುಂದೆ ಎಮ್ಮೆ ಇದ್ರೆ ಇರಲಿ."

ನಾನು ಎದ್ದುಹೋದೆ. ಕೂತಿದ್ದರೆ ಏನಾದರೂ ಹೇಳಬೇಕಾಗುತ್ತಿತ್ತು.

ಮ್ಯಾಚಿನ ದಿನ ಟವೆಲ್ಲುಗಳನ್ನು ಮನೆಯಲ್ಲೇ ಬಿಟ್ಟು ಬಂದೆ. ಟೈಮ್‌ಔಟಿನಲ್ಲಿ ಹುಡುಗಿಯರನ್ನು ಸುತ್ತ ಸೇರಿಸಿ, "ನೀವೆಲ್ಲ ತುಟಿ ಓದ್ತೀರಂತೆ" ಎಂದೆ. ಐದೂ ಜನ ಕಳ್ಳತನದಲ್ಲಿ ಸಿಕ್ಕಿಬಿದ್ದವರಂತೆ ನೆಲ ನೋಡಿದರು. "ಮರ್ಯಾದೆ ಆಮೇಲೆ. ಈಗ ಓದಿ." ಹಾಗೆ ಹೇಳಿ ಅಂಚಿನಲ್ಲಿ ನಿಂತು, ಮನೆಯೊಳಗೆ ಮಾತಾಡುವ ದನಿಯಲ್ಲಿ ಆಟವಾಡಿಸಿದೆ. ಎಡಕ್ಕೆ ಎಂದರೆ ಎಡಕ್ಕೆ ಹೋಯಿತು. ನಸೀಮಾ ಓಡು ಎಂದರೆ ನಸೀಮಾ ಓಡಿದಳು. ಇಷ್ಟು ಸುಲಭವಿತ್ತೇ ಎಂದು ಹೊಟ್ಟೆ ಉರಿಯಿತು. ಹೊಳೆಯಾಚೆಯ ಕೋಚ್ ಎದುರು ಅಂಚಿನಲ್ಲಿ ಬಾಯಿ ಹರಿಯುವಂತೆ ಕೂಗುತ್ತಿದ್ದ. ಅವನ ತಂಡಕ್ಕೆ ಅದರಲ್ಲಿ ಒಂದೂ ಕೇಳುತ್ತಿರಲಿಲ್ಲ. ಅವನನ್ನು ನೋಡಿ ನನ್ನನ್ನೇ ಹೊರಗಿನಿಂದ ನೋಡಿದ ಹಾಗಾಯಿತು.

ಕೊನೆಗೆ ಎಂಟು ಸೆಕೆಂಡು ಉಳಿದಿತ್ತು. ನಾವು ಐವತ್ತೊಂದು, ಅವರು ಐವತ್ತು. ಬಾಲ್ ಅವರ ಉದ್ದನೆಯ ಹುಡುಗಿಯ ಕೈಯಲ್ಲಿತ್ತು, ನಸೀಮಾ ಅವಳ ಮುಂದೆ ಎರಡೂ ಕೈ ಚಾಚಿ ಗೋಡೆಯಂತೆ ನಿಂತಿದ್ದಳು. ಎಂಟು ಸೆಕೆಂಡು ಹಾಗೇ ನಿಂತರೆ ಸಾಕಿತ್ತು.

ಆಗ ಬಿತ್ತು.

"ದಾಕ್ಷಾಯಿಣೀ!"

ಮೂವತ್ತನಾಲ್ಕು ವರ್ಷದ ನನ್ನ ಗಂಟಲು. ಇಷ್ಟು ದೊಡ್ಡದಿತ್ತೆಂದು ನನಗೇ ಗೊತ್ತಿರಲಿಲ್ಲ. ಕುರ್ಚಿಯಲ್ಲಿದ್ದವರೆಲ್ಲ ಎದ್ದು ನಿಂತರು. ಕಡಲೆಕಾಯಿ ಬಾಯಿಗೆ ಒಯ್ಯುತ್ತಿದ್ದ ಪುರಸಭೆಯವರ ಕೈ ಅರ್ಧದಲ್ಲೇ ನಿಂತಿತು. ಬೆಂಚಿನ ಪಕ್ಕದಲ್ಲಿದ್ದ ದಾಕ್ಷಿ ಎರಡೂ ಕೈ ಎದೆಗೆ ಒತ್ತಿಕೊಂಡು ಮುಖ ಮೇಲೆತ್ತಿದಳು. ಕೋರ್ಟಿನಲ್ಲಿ ನನ್ನ ಐವರೂ ಕೈ ಕೆಳಗಿಳಿಸಿ, ಕಾಲು ಜೋಡಿಸಿ, ಅಲುಗಾಡದೆ ನಿಂತುಬಿಟ್ಟರು.

"ಎಡಗಡೆ ನೋಡೇ, ಮಂಕೇ!"

ಹೊಳೆಯಾಚೆಯ ಹುಡುಗಿ ಬೆಚ್ಚಿಬಿದ್ದು ನಿಜವಾಗಿಯೂ ಎಡಗಡೆ ನೋಡಿದಳು. ಅಲ್ಲಿ ರಿಂಗಿತ್ತು. ರಿಂಗಿಗೂ ಅವಳಿಗೂ ನಡುವೆ ಯಾರೂ ಇರಲಿಲ್ಲ.

ನನ್ನ ತಲೆಯೊಳಗೆ ಏನೋ ಕಿತ್ತುಹೋಯಿತು. ಉಸಿರೆಳೆದೆ. "ನಸೀಮಾ! ನಿಂತ್ಕೊಂಡು ಏನು ನೋಡ್ತೀಯೇ, ಬಾಲ್ ಹಿಡಿಯೇ ಕೋತಿ!" ಬಾಯಿ ತೆರೆದುಕೊಂಡಿತು, ಗಂಟಲು ಉರಿಯಿತು, ಸದ್ದು ಮಾತ್ರ ಬರಲಿಲ್ಲ. ಅದರ ಬದಲು ಹಳೆಯ ಕೂಗೇ ತನ್ನ ಉಳಿದರ್ಧವನ್ನು ಎಳೆದುಕೊಂಡು ಬಂದು, ಈ ಜನ್ಮದಲ್ಲಿ ಆಟ ಬರುವುದಿಲ್ಲವೆಂದೂ ಎಮ್ಮೆ ಕಾಯಬೇಕೆಂದೂ ಇಡೀ ಮೈದಾನಕ್ಕೆ ಸಾರಿತು. ಎಮ್ಮೆ ಎನ್ನುವ ಹೊತ್ತಿಗೆ ಬಾಲ್ ಬಲೆಯೊಳಗಿಂದ ಇಳಿಯುತ್ತಿತ್ತು. ಹೊತ್ತು ಮುಗಿಯಿತೆಂದು ರೆಫ್ರಿ ಬಾವುಟ ಬೀಸಿದ. ಐವತ್ತೆರಡು, ಐವತ್ತೊಂದು.

ಇಪ್ಪತ್ತಾರು ವರ್ಷದಲ್ಲಿ ನನ್ನ ಕೂಗು ಸಮಯಕ್ಕೆ ಸರಿಯಾಗಿ ತಲುಪಿ, ಕೇಳಿದವಳು ಹೇಳಿದಂತೆಯೇ ಮಾಡಿದ್ದು ಅದೊಂದೇ ಸಲ. ಅವಳು ಎದುರಾಳಿ ತಂಡದವಳು.

ಹೊಳೆಯಾಚೆಯವರು ಕುಣಿಯುತ್ತಿದ್ದರು. ನಮ್ಮವರು ದಾಕ್ಷಿಯನ್ನು ಮುತ್ತಿಕೊಂಡಿದ್ದರು. ಅನಸೂಯಾಬಾಯಿ ಅವಳ ಬಾಯಿಗೆ ಪೇಡ ಇಡುತ್ತಿದ್ದರು. ದಾಕ್ಷಿಯ ಚಿಕ್ಕ ಮಗಳು, "ಅಮ್ಮಾ, ಎಮ್ಮೆ ಅಂತ ಬಿತ್ತು!" ಎಂದು ಹೊಟ್ಟೆ ಹಿಡಿದು ನಗುತ್ತಿದ್ದಳು. ದಾಕ್ಷಿ ಅಳುತ್ತಾ ನಗುತ್ತಾ ನನ್ನ ಕಡೆ ನೋಡಿ ತುಟಿಯಲ್ಲೇ ಏನೋ ಹೇಳಿದಳು. ನನಗೆ ಓದಲು ಬರುವುದಿಲ್ಲ. ಹತ್ತಿರ ಹೋಗಿ ಕೇಳಲೂ ಇಲ್ಲ.

ನಸೀಮಾ ಓಡಿಬಂದಳು. ಸೋತವಳ ಮುಖವೇ ಅಲ್ಲ. "ಮಿಸ್, ನನ್ನ ಹೆಸರು ಕೂಗಿದ್ರಾ?"

"ಕಪ್ ಹೋಯ್ತಲ್ಲೇ!"

"ಹೋಯ್ತು ಮಿಸ್. ಕೋತಿ ಅಂದ್ರಿ ಅಲ್ವಾ? ನಮ್ಮ ನಾನಿ ಕೂಗಿದ್ದು ಬರೀ ಹೆಸರು. ಇದರಲ್ಲಿ ಕೋತಿನೂ ಇದೆ!" ಹಿಂದೆಯೇ ಉಳಿದ ನಾಲ್ವರು ಬಂದರು. "ನಂದೂ ಕೂಗಿ ಮಿಸ್." "ನಂಗೆ ಎಮ್ಮೆ ಬೇಕು ಮಿಸ್." ಫೈನಲ್ಲು ಸೋತು ಐದು ನಿಮಿಷವಾಗಿಲ್ಲ. ಇಂಥವರನ್ನು ಕಟ್ಟಿಕೊಂಡು ನಾನು ಇಪ್ಪತ್ತಾರು ವರ್ಷ ಕಳೆದಿದ್ದೆ.

ಬೆಂಚಿನ ತುದಿಯಲ್ಲಿ ಹನ್ನೊಂದನೆಯ ನಂಬರಿನ ಲೋಲಾಕ್ಷಿ ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಮೂರು ವರ್ಷ ತಂಡದಲ್ಲಿದ್ದು ಒಂದು ನಿಮಿಷವೂ ಕೋರ್ಟಿಗಿಳಿಯದ ಹುಡುಗಿ. ಅವಳು ಏನೂ ಕೇಳಲಿಲ್ಲ, ನಮ್ಮ ಕಡೆ ನೋಡುವುದನ್ನೂ ಬಲವಂತವಾಗಿ ತಡೆದುಕೊಂಡಿದ್ದಳು. ಹಾಸ್ಟೆಲಿನ ಹುಡುಗಿ. ಮನೆಯಲ್ಲಿ ಯಾರಿದ್ದಾರೆಂದು ನಾನು ಎಂದೂ ವಿಚಾರಿಸಿರಲಿಲ್ಲ.

"ಲೋಲಾಕ್ಷಿ, ಬಾ ಇಲ್ಲಿ. ನಿನ್ನ ಹೆಸರು ಯಾರಾದ್ರೂ ಕೂಗಿದಾರಾ?"

ಅವಳು ಇಲ್ಲವೆಂದು ತಲೆಯಲ್ಲಾಡಿಸಿದಳು. ಬಾಟಲಿಗಳ ಚೀಲ ಕೆಳಗಿಟ್ಟು, "ಏನಾದ್ರೂ ಬೈಯಿರಿ ಮಿಸ್, ಪರವಾಗಿಲ್ಲ" ಎಂದಳು.

ಅವಳನ್ನು ಎಡಗಡೆಯ ರಿಂಗಿನ ಕೆಳಗೆ ನಿಲ್ಲಿಸಿದೆ. ಕಾಲು ಅಗಲಿಸಿ, ಸೊಂಟದ ಮೇಲೆ ಕೈಯಿಟ್ಟು ಉಸಿರೆಳೆದೆ. ಗಂಗಣ್ಣ ನಿವೃತ್ತರಾಗಿ ಹದಿನೈದು ವರ್ಷವಾದರೂ ಒಂದು ಮ್ಯಾಚೂ ತಪ್ಪಿಸಿಕೊಂಡವರಲ್ಲ. ಕೋಲೂರಿಕೊಂಡು ಹತ್ತಿರ ಬಂದು, ಕನ್ನಡಕ ಸರಿಮಾಡಿಕೊಂಡು, ನನ್ನ ಕುತ್ತಿಗೆಯನ್ನು ಪರೀಕ್ಷಿಸಿದರು. "ಸಾಲದು ಮೇಡಂ. ಇಷ್ಟಕ್ಕೆ ಮೂರು ವರ್ಷ ಬಂದ್ರೆ ಹೆಚ್ಚು. ಇನ್ನೂ ಸ್ವಲ್ಪ ಕೋಪ ಬರಲಿ."

ನಾನು ಗೇಟಿನ ಕಡೆ ನೋಡಿದೆ. ಹೊಳೆಯಾಚೆಯವರು ನಮ್ಮ ಕಪ್ಪನ್ನು ಬಸ್ಸಿನ ಮುಂದಿನ ಗಾಜಿಗೆ ಹಗ್ಗದಿಂದ ಕಟ್ಟುತ್ತಿದ್ದರು.

ಬಂತು.